ಹೇಳದೆ ಬಿಟ್ಟ ಒಂದು ಕುದಿ

ಪಶು ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಬಂದದ್ದು ಒಂದು ಸೀಮೆಎಣ್ಣೆ ಸ್ಟೌವು. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಕೋಣೆಯ ಆಸ್ಪತ್ರೆ, ಮುಂದೆ ದನ ನಿಲ್ಲಿಸಿ ಕಟ್ಟುವ ಕಂಬದ ಚೌಕಟ್ಟು, ಹಿಂದೆ ಒಂದು ಹುಣಸೆಮರ. ಆಗ ಸಿರಿಂಜು ಗಾಜಿನದು, ಸೂಜಿ ಉಕ್ಕಿನದು. ಎರಡನ್ನೂ ತೊಳೆದು, ಸ್ಟೀಲಿನ ಡಬ್ಬದಲ್ಲಿಟ್ಟು ಕುದಿಸುವುದು ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಕೊಡುತ್ತಾರೆ ಎಂದುಕೊಂಡು ಕುಳಿತೆ.

ಅಲ್ಲಿದ್ದ ಡಾಕ್ಟರು ವಯಸ್ಸಾದವರು, ಮುಂಗೋಪಿ. ಅವರು ಹೇಳಿದ ಮೊದಲ ಮಾತು, "ನೀರು ಗುಳುಗುಳು ಅಂದಾಗ ಗಡಿಯಾರ ನೋಡು. ಸ್ಟೌ ಹಚ್ಚಿದಾಗಲ್ಲ."

ಮೂರನೇ ತಿಂಗಳಲ್ಲಿ ಒಂದು ದಿನ ಆಸ್ಪತ್ರೆ ಮುಂದೆ ದನಗಳ ಸಾಲು. ಗಡಿಬಿಡಿಯಲ್ಲಿ ನೀರು ಬರೀ ಬಿಸಿಯಾಗಿದ್ದಾಗಲೇ ಸೂಜಿ ಎತ್ತಿ ಕೊಟ್ಟುಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಒಂದು ಎಮ್ಮೆಗೆ ಸೂಜಿ ಚುಚ್ಚಿದ ಜಾಗದಲ್ಲಿ ತೆಂಗಿನಕಾಯಿ ಗಾತ್ರದ ಬಾವು. ಡಾಕ್ಟರು ಬೈಯಲಿಲ್ಲ. ಆ ಎಮ್ಮೆಯ ಮನೆ ಮೂರು ಮೈಲಿ. ಗಾಯ ಮಾಯುವ ತನಕ ದಿನಾ ನಡೆದು ಹೋಗಿ ಕೀವು ತೆಗೆದು ಕಟ್ಟಿ ಬರಬೇಕು ಎಂದರು. ಹದಿನೇಳು ದಿನ ಹೋದೆ. ಆ ಮನೆಯ ಅಜ್ಜಿ ಕೊನೆಯ ದಿನ ಮಜ್ಜಿಗೆ ಕೊಟ್ಟು, "ಅಲ್ಲ ಕಣಪ್ಪ, ಎಮ್ಮೆಗೆ ಗಾಯ ಆದ್ರೆ ನೀನ್ಯಾಕೆ ಸೊರಗ್ತಿದ್ದೀಯ?" ಅಂದಳು. ಅಲ್ಲಿಂದಾಚೆಗೆ ಕುದಿಯದ ಸೂಜಿ ಒಂದೂ ನನ್ನ ಕೈ ದಾಟಿಲ್ಲ. ಇದನ್ನು ಯಾವ ಕೋರ್ಟಿನಲ್ಲಿ ನಿಲ್ಲಿಸಿದರೂ ಹೇಳುತ್ತೇನೆ.

ಈಗ ಈ ಕೆಲಸಕ್ಕೆ ಬರುವ ಹುಡುಗರಿಗೆ ಸ್ಟೌವಿನ ಕಾಟ ಇಲ್ಲ. ಪ್ಲಾಸ್ಟಿಕ್ಕಿನ ಸಿರಿಂಜು, ಚುಚ್ಚಿದರೆ ಎಸೆದರಾಯಿತು. ಆದರೆ ಒಂದು ವಿಷಯ ಬದಲಾಗಿಲ್ಲ. ಡಾಕ್ಟರು ಪ್ರಾಣಿಯನ್ನು ನೋಡುತ್ತಾರೆ, ನಾವು ಹಿಡಿದುಕೊಳ್ಳುತ್ತೇವೆ. ಹಿಡಿದವನಿಗೆ ಅದರ ನಡುಕ, ಬಿಸಿ, ಉಸಿರು ಮೊದಲು ಗೊತ್ತಾಗುತ್ತದೆ. ಇದು ನಮ್ಮ ದೊಡ್ಡಸ್ತಿಕೆ. ನಾವು ಕೆಡುವುದೂ ಇದರಿಂದಲೇ.

ನನ್ನ ದೊಡ್ಡಸ್ತಿಕೆ ಶುರುವಾದದ್ದು ಮದ್ದೂರು ತಾಲ್ಲೂಕಿಗೆ ವರ್ಗವಾದ ಮೇಲೆ. ಅದು ನನ್ನ ಸ್ವಂತ ತಾಲ್ಲೂಕು. ಆತಗೂರಿನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಡಾಕ್ಟರು ಇನ್ನೂ ಬಂದಿರಲಿಲ್ಲ. ಒಬ್ಬ ರೈತ ಹಸು ಹೊಡೆದುಕೊಂಡು ಬಂದ. ಹಸು ಒಡಕು ದನಿಯಲ್ಲಿ ಕೂಗುತ್ತಿತ್ತು, ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು.

"ಗಂಟ್ಲಲ್ಲಿ ಏನೋ ಸಿಕ್ಕಾಕೊಂಡದೆ ಕಣಣ್ಣ. ಕೈ ಆಕಿ ನೋಡ್ದೆ, ಏನೂ ಸಿಗ್ಲಿಲ್ಲ."

"ಕೈ ತೊಳ್ಕೊಂಡ್ಯೇನ್ಲಾ?"

"ದನಿನ ಜೊಲ್ಗೆ ಏನ್ ತೊಳ್ಕೊಳಾದು?"

"ಸೋಪಾಕಿ ಉಜ್ಜು ಈಗ್ಲೇ. ಆಮೇಲೆ ಮನೇರ್ನೆಲ್ಲ ಕರ್ಕೊಂಡು ದೊಡ್ಡಾಸ್ಪತ್ರೇಲಿ ಸೂಜಿ ಆಕುಸ್ಕೊ. ಅಸ ಉಳಿಯಲ್ಲ, ನೀವಾರ ಉಳೀರಿ."

ಅದಕ್ಕೆ ಹುಚ್ಚುನಾಯಿ ಕಚ್ಚಿತ್ತು. ಹಸು ಮೂರನೇ ದಿನ ಸತ್ತಿತು, ಆ ಮನೆಯವರೆಲ್ಲ ಉಳಿದರು. ಡಾಕ್ಟರು ನಾಲ್ಕು ಜನರ ಮುಂದೆ "ಭೇಷ್ ಜವರಣ್ಣ" ಎಂದು ನನ್ನ ಬೆನ್ನು ತಟ್ಟಿದರು. ಅಂದಿನಿಂದ ಹುಚ್ಚು ಹಿಡಿದ ಪ್ರಾಣಿಯನ್ನು ಜವರಣ್ಣ ದೂರದಿಂದಲೇ ಗುರುತಿಸುತ್ತಾನೆ ಎಂಬ ಮಾತು ಹಬ್ಬಿತು. ನಾನೂ ಅದನ್ನು ನಂಬಿದೆ.

ಕೊನೆಯ ಕೆಲವು ವರ್ಷ ಮಂಡ್ಯದ ಕಡೆಗೆ ಬಂದೆ. ಅಲ್ಲಿ ನನ್ನ ಮೇಲಿನವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎಲ್ಲರಂತೆ ನಾನೂ ಮೇಡಂ ಎನ್ನುತ್ತಿದ್ದೆ. ಅವರದು ಒಂದೇ ಹಟ. ನಾಯಿ ಬದುಕಿದ್ದರೆ ಹತ್ತು ದಿನ ಕಟ್ಟಿಹಾಕಿ ನೋಡಬೇಕು, ಸತ್ತರೆ ತಲೆ ಲ್ಯಾಬಿಗೆ ಹೋಗಬೇಕು. ಎರಡೂ ಇಲ್ಲದೆ ಹುಚ್ಚು ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ನಾನು ಹೂಂ ಎನ್ನುತ್ತಿದ್ದೆ. ಮನಸ್ಸಿನಲ್ಲಿ, ಈಯಮ್ಮ ಹುಟ್ಟುವ ಮೊದಲೇ ನಾನು ನಾಯಿ ಹಿಡಿಯುತ್ತಿದ್ದೆ ಅಂದುಕೊಳ್ಳುತ್ತಿದ್ದೆ.

ಗುತ್ತಲಿನಲ್ಲಿ ಇಲಿಯಾಸ್ ಎಂಬ ಮೆಕ್ಯಾನಿಕ್ಕು. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಕೊಡುತ್ತಾನೆ. ನಮ್ಮ ಗದ್ದೆಯ ಮೋಟಾರನ್ನು ಹೊತ್ತುಕೊಂಡು ಹೋಗಿ ಬೆಳೆದ ಸ್ನೇಹ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ನಸೀಮಾ, ತಾಯಿ, ಅವನು, ಮೂರೇ ಜನ. ಅಂಗಡಿ ಕಾಯಲು ಒಂದು ಕಂದು ಬಣ್ಣದ ಎಳೆ ನಾಯಿ ಇತ್ತು, ಹೆಸರು ಬೋಲ್ಟು. ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಅದು ಮೋಟಾರುಗಳ ನಡುವೆ ಮಲಗಿ ಮೈಯೆಲ್ಲ ಗ್ರೀಸು ಮಾಡಿಕೊಂಡು, ಬಂದವರ ಪಂಚೆಗೆ ಒರೆಸುತ್ತಿತ್ತು.

ಆ ವರ್ಷ ಮಳೆಗಾಲ ಕಳೆದರೂ ನಸೀಮಾಳ ಕೆಮ್ಮು ನಿಂತಿರಲಿಲ್ಲ. ಒಂದು ದಿನ ಇಲಿಯಾಸ್ ಅದನ್ನು ಹೇಳಿಕೊಂಡ. ಕೇಳದಿದ್ದರೂ ಮದ್ದು ಹೇಳುವ ಚಟ ನನ್ನದು.

"ಏಡಿ ರಸ ಕುಡುಸ್ಲಾ. ನಮ್ಮವ್ವ ನಮ್ಮನ್ನೆಲ್ಲ ಅದ್ರಲ್ಲೇ ಬೆಳ್ಸಿದ್ದು."

"ನಮ್ಮನೇಲಿ ಏಡಿ ತಿನ್ನಲ್ಲಣ್ಣ."

"ತಿನ್ನು ಅಂದೋರ್ಯಾರು? ಮದ್ದು ಕಣ್ಲಾ ಅದು."

ಒಳಗಿಂದ ನಸೀಮಾ ಮಾತು ಸೇರಿಸಿದಳು. "ಮದ್ದು ಅಂದ್ರೆ ಕುಡೀತೀನಿ ಜವರಣ್ಣ. ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಂಡಿದೆ. ಅತ್ತೆಗೆ ಗೊತ್ತಾಗಬಾರದು, ಅಷ್ಟೇ."

ಮಾರನೆಯ ದಿನ ನಮ್ಮ ಗದ್ದೆಯ ಬದುವಿನಲ್ಲಿ ನಾನೇ ಏಡಿ ಹಿಡಿದು, ವೈರು ಬ್ಯಾಗಿನಲ್ಲಿ ತಂದುಕೊಟ್ಟೆ. ಕ್ರಮವನ್ನೂ ಹೇಳಿದೆ. ಕಲ್ಲಿನಲ್ಲಿ ಕುಟ್ಟಬೇಕು, ನಾಲ್ಕು ಕಾಳು ಮೆಣಸು, ಎರಡು ಎಸಳು ಬೆಳ್ಳುಳ್ಳಿ ಸೇರಿಸಬೇಕು, ಬಟ್ಟೆಯಲ್ಲಿ ಹಿಂಡಬೇಕು, ಮೂರು ದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕುಡಿಯಬೇಕು. ಇಲಿಯಾಸ್ ಬೆರಳು ಮಡಿಸಿ ಎಣಿಸಿಕೊಂಡ. ತಾಯಿಯ ಕಣ್ಣು ತಪ್ಪಿಸಿ ಅಂಗಡಿಯಲ್ಲೇ ಕುಟ್ಟಿದ. ಹಿಂಡಿದ ಚರಟವನ್ನು ಬೋಲ್ಟುವಿಗೆ ಹಾಕಿದ.

ಎರಡು ವಾರ ಕಳೆದಿರಬಹುದು, ಒಂದು ಭಾನುವಾರ ಇಲಿಯಾಸನ ಫೋನು. ಬೋಲ್ಟು ಒಂಥರಾ ಆಡುತ್ತಿದೆ ಅಂದ. ಹೋದೆ. ನಾಯಿ ಮೂಲೆಯಲ್ಲಿತ್ತು. ಎದ್ದರೆ ಹಿಂಗಾಲು ಕುಡಿದವನಂತೆ ತೊಡರುತ್ತಿತ್ತು, ಬಾಲ ಒದ್ದೆ ಹಗ್ಗದಂತೆ ಜೋತುಬಿದ್ದಿತ್ತು. ಬೆನ್ನ ಮೇಲೆ ಕೈಯಿಟ್ಟೆ. ಕಿವಿ ಕಿತ್ತುಹೋಗುವಂತೆ ಕಿರುಚಿ ನನ್ನ ತೋಳಿಗೆ ಬಾಯಿ ಹಾಕಿತು. ಅಂಗಿಯ ತೋಳು ಹರಿಯಿತು, ಹಲ್ಲು ತಾಗಲಿಲ್ಲ. ಅಲ್ಲಿ ನಾನಿದ್ದದ್ದು ಐದು ನಿಮಿಷ.

"ಉಚ್ಚು ಕಣ್ಲಾ ಇಲಿಯಾಸ."

"ನೀರು ಕುಡೀತಿದೆಯಲ್ಲಣ್ಣ."

"ಉಚ್ಚುನಾಯಿ ನೀರು ಕುಡಿಯಲ್ಲ ಅಂತ ಯಾವನಂದ ನಿಂಗೆ? ನಾನು ನೋಡಿರೋ ಅಷ್ಟು ಉಚ್ಚುನಾಯಿ ನೀನು ಮೋಟ್ರೂ ನೋಡಿಲ್ಲ."

ನಾಳೆ ಮೇಡಂ ಜೊತೆ ಬಂದು ಸೂಜಿ ಕೊಟ್ಟು ಮಲಗಿಸಿಬಿಡುತ್ತೇವೆ, ನೀವೆಲ್ಲ ಹೋಗಿ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳಿ ಬಂದೆ. ಬೆಳಿಗ್ಗೆ ಅವನೇ ಫೋನು ಮಾಡಿದ. "ಬರೋದು ಬೇಡಣ್ಣ. ಆಗೋಯ್ತು. ಹೂತು ಬಂದೆ." ನಾನು ಹೆಚ್ಚಿಗೆ ಕೆದಕಲಿಲ್ಲ. ಮೇಡಂಗೂ ಹೇಳಲಿಲ್ಲ. ತಲೆ ಲ್ಯಾಬಿಗೆ ಹೋಗಬೇಕು ಎಂಬ ಮಾತು ನೆನಪಿಗೆ ಬಂತು. ಗೊತ್ತಿರುವುದಕ್ಕೆ ಲ್ಯಾಬು ಯಾಕೆ ಎಂದು ಸುಮ್ಮನಾದೆ.

ಇನ್ನೊಂದು ವಾರದೊಳಗೆ ನಸೀಮಾಗೆ ತಲೆನೋವು ಶುರುವಾಯಿತು. ಮಾತ್ರೆಗೆ ಬಗ್ಗದ ನೋವು. ವಾಂತಿ, ಕತ್ತು ಬಗ್ಗಿಸಲಾರಳು, ಮೈಮೇಲೆ ಸೀರೆ ತಾಗಿದರೂ ಉರಿ. ಆಸ್ಪತ್ರೆಗೆ ಸೇರಿಸಿದರು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ, ತಪ್ಪು ಅವರದಲ್ಲ. ನಾನು ನೋಡಲು ಹೋದಾಗ ಅಲ್ಲಿನ ಯುವ ಡಾಕ್ಟರು ಮನೆಯವರನ್ನು ವಿಚಾರಿಸುತ್ತಿದ್ದರು. ಹಸಿ ಮಾಂಸ ಏನಾದರೂ ತಿಂದಿದ್ದಾರೆಯೇ ಎಂದರು. ಇಲಿಯಾಸ್ ಪಕ್ಕದಲ್ಲಿದ್ದ ತಾಯಿಯ ಮುಖ ನೋಡಿ, ಇಲ್ಲ ಅಂದ. ಆ ಮಾತು ನನ್ನ ಕಿವಿಗೆ ಬಿತ್ತು. ಏಡಿ ರಸ ಮದ್ದಲ್ಲವೇ, ಅದನ್ನು ಯಾರು ಮಾಂಸ ಅಂದಾರು? ನನಗೇನೂ ಅನಿಸಲೇ ಇಲ್ಲ.

ಆಮೇಲೆ ನಾಯಿಯ ಮಾತು ಬಂತು. ಹುಚ್ಚು ಎಂದು ಯಾರು ಹೇಳಿದರು ಎಂದು ಡಾಕ್ಟರು ಕೇಳಿದರು. ನಾನು ಮುಂದೆ ಬಂದೆ.

"ನಾನೇ ನೋಡಿದ್ದು ಸಾರ್. ಪಶು ಇಲಾಖೇಲಿ ಮೂವತ್ತು ವರ್ಷದ ಮೇಲಾಯ್ತು."

"ಲ್ಯಾಬ್ ರಿಪೋರ್ಟ್?"

"ರಿಪೋರ್ಟ್ ಯಾಕೆ ಸಾರ್? ನೋಡಿದ್ರೆ ಗೊತ್ತಾಗುತ್ತೆ."

ಅವರು ಬರೆದುಕೊಂಡರು. ಅಂದು ನಸೀಮಾಳ ಬೆನ್ನಿನ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದಿದ್ದರಂತೆ, ಅದು ನಿಂತಿತು. ಅವಳನ್ನು ಒಂಟಿ ಕೋಣೆಗೆ ಹಾಕಿದರು. ಆ ಕಾಯಿಲೆಯೇ ಆದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಯವರು ಗಟ್ಟಿ ಮನಸ್ಸು ಮಾಡಿ ಎಂದು ಇಲಿಯಾಸನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವನ ತಾಯಿ ಬೆಂಚಿನ ಮೇಲೆ ಕುಳಿತು ಮಣಿಸರ ಎಣಿಸತೊಡಗಿದರು. ನಾನು ಬಾಗಿಲ ಬಳಿ ನಿಂತಾಗ ನಸೀಮಾ ಕಣ್ಣು ಬಿಡದೆಯೇ ಕೇಳಿದಳು.

"ಜವರಣ್ಣ, ಬೋಲ್ಟುಗೆ ಬಂದಿದ್ದೇ ನಂಗೂ ಬಂದಿದೆಯಂತೆ, ನಿಜವಾ?"

ನಾನು ಹೊರಗೆ ಬಂದೆ. ಎಷ್ಟೋ ದನ, ಕುರಿ, ನಾಯಿಗಳ ಕಣ್ಣು ಮುಚ್ಚುವುದನ್ನು ಕೈಯಲ್ಲಿ ಹಿಡಿದು ನೋಡಿದವನು ನಾನು. ಅವು ಯಾವುವೂ ನನ್ನನ್ನು ಕೇಳಿರಲಿಲ್ಲ.

ಮೇಡಂಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.

"ತಲೆ ಕಳಿಸಿದ್ರಾ?"

"ಇಲ್ಲ ಮೇಡಂ."

ಅವರು ಅಂದರು, "ಜವರಣ್ಣ, ಆ ಹೆಣ್ಣುಮಗಳ ಕೇಸ್ ಶೀಟಿಗೆ ನಿಮ್ಮ ಕಣ್ಣನ್ನ ಪಿನ್ ಹೊಡೆಯೋಕಾಗುತ್ತಾ? ಎಲ್ಲಿ ಹೂತಿದ್ದಾರೆ ಕೇಳಿ, ನಾಳೆ ಬೆಳಿಗ್ಗೆ ಅಗೆಸೋಣ."

ಇಲಿಯಾಸ್ ಆಸ್ಪತ್ರೆಯ ಸ್ಕೂಟರ್ ಸ್ಟ್ಯಾಂಡಿನಲ್ಲಿ ನೆಲ ನೋಡುತ್ತ ಕುಳಿತಿದ್ದ.

"ನಾಯಿ ಎಲ್ಲಿ ಊತಿದ್ದೀಯ?"

ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ.

"ಏನ್ಲಾ, ಕೇಳಿಸ್ತಾ?"

"ಹೂತಿಲ್ಲಣ್ಣ." ತಲೆ ಎತ್ತಲಿಲ್ಲ. "ನಿಮಗೆ ಸುಳ್ಳು ಹೇಳ್ದೆ. ಯಲಿಯೂರಲ್ಲಿ ತಂಗಿ ಮನೇಲಿದೆ, ಸೌದೆ ಕೊಟ್ಟಿಗೇಲಿ ಕಟ್ಟಾಕಿದೀವಿ. ಕೊಲ್ಲಿಸೋಕೆ ಮನ್ಸು ಬರ್ಲಿಲ್ಲ. ಅದು ಸಾಯೋದಾದ್ರೆ ಅದಾಗೇ ಸಾಯ್ಲಿ ಅಂದ್ಕೊಂಡೆ."

"ಸತ್ತಿಲ್ವಾ?"

"ನಿನ್ನೆ ಅನ್ನ ತಿಂತಂತೆ."

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಆ ಭಾನುವಾರದಿಂದ ಹನ್ನೆರಡು ದಿನ. ಹುಚ್ಚು ಹಿಡಿದ ನಾಯಿ ಹತ್ತು ದಿನದೊಳಗೆ ಸಾಯುತ್ತದೆ, ಹನ್ನೆರಡನೇ ದಿನ ಅನ್ನ ತಿನ್ನುವುದಿಲ್ಲ. ಇಷ್ಟು ಹೊತ್ತು ಇದನ್ನು ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವನು ಹೇಳಿದ್ದು ಇಷ್ಟು: "ನೀವು ಹುಚ್ಚು ಅಂದ್ರಲ್ಲಣ್ಣ. ನೀವು ಅಂದ್ಮೇಲೆ ಹೌದು ಅಂದ್ಕೊಂಡೆ. ಕೊಲ್ಲಿಸ್ದೆ ಉಳಿಸ್ಕೊಂಡಿದ್ದಕ್ಕೇ ಅವಳಿಗೆ ಹಿಂಗಾಯ್ತು ಅಂತ ಬೈತೀರಿ ಅನ್ಕೊಂಡೆ."

ಮಾರನೆಯ ಬೆಳಿಗ್ಗೆ ಮೇಡಂ ನೇರ ಯಲಿಯೂರಿಗೇ ಬಂದರು. ಸೌದೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಬೋಲ್ಟು ಇಲಿಯಾಸನನ್ನು ಕಂಡು ಹಿಂಗಾಲು ಎಳೆದುಕೊಂಡು ಬಂದು ಅವನ ಚಪ್ಪಲಿಯ ಮೇಲೆ ಗದ್ದ ಇಟ್ಟಿತು. ಬಾಲ ಅಲ್ಲಾಡಲಿಲ್ಲ, ಬರೀ ಕಿವಿ ಅಲ್ಲಾಡಿತು. ಮೇಡಂ ಕೈಗವಸು ಹಾಕಿಕೊಂಡು ನಿಧಾನವಾಗಿ ಬೆನ್ನುಮೂಳೆಯ ಪಕ್ಕ ಬೆರಳಾಡಿಸಿದರು. ನಾಯಿ ನರಳಿತು, ಕಚ್ಚಲಿಲ್ಲ.

"ಇದು ಹುಚ್ಚಲ್ಲ. ಬೆನ್ನುಹುರಿಗೆ ಏನೋ ಆಗಿದೆ. ಇದು ಏನು ತಿಂದಿತ್ತು ಹೇಳಿ. ಬಸವನಹುಳು, ಕಪ್ಪೆ, ಏಡಿ?"

ಇಲಿಯಾಸ್ ನನ್ನ ಮುಖ ನೋಡಿದ. ನಾನೇ ಹೇಳಿದೆ, ಏಡಿಯ ಚರಟ ತಿಂದಿದೆ, ರಸವನ್ನು ನಸೀಮಾ ಕುಡಿದಿದ್ದಾಳೆ, ಮದ್ದು ಹೇಳಿದವನು ನಾನು.

"ಕುದಿಸಿ ಕುಡಿದ್ರಾ?"

"ನೀವು ಕುದಿಸು ಅಂತ ಹೇಳ್ಲೇ ಇಲ್ಲವಲ್ಲಣ್ಣ," ಎಂದ ಇಲಿಯಾಸ್. ಆಪಾದನೆಯ ದನಿಯಲ್ಲ, ಬೆರಳು ಮಡಿಸಿ ನೆನಪಿಸಿಕೊಳ್ಳುವ ದನಿ.

"ಕುದ್ಸೋದಿಲ್ಲ ಅದನ್ನ. ನಮ್ಮವ್ವ ಹಂಗೇ ಕೊಡ್ತಿದ್ಲು," ಎಂದು ನಾನು ಪಟ್ಟು ಹಿಡಿದೆ. ನನಗೆ ನನ್ನ ಮಾತಿನ ಮೇಲೇ ಅನುಮಾನ ಬಂದು ಅಲ್ಲೇ ಹೆಂಡತಿಗೆ ಫೋನು ಮಾಡಿದೆ. ನಮ್ಮವ್ವನ ಕೈಕೆಳಗೆ ಅಡುಗೆ ಕಲಿತವಳು ಅವಳು.

"ಅವ್ವ ಏಡಿ ರಸಾನ ಕುದುಸ್ತಿದ್ಲಾ?"

"ಕುದುಸ್ದೆ ಯಾರಾರ ಮಕ್ಕಳ ಬಾಯ್ಗೆ ಆಕ್ತಾರಾ? ಇಂಡ್ಬುಟ್ಟು ಒಲೆ ಮೇಲಿಟ್ಟು ಚೆನ್ನಾಗಿ ಮರಳೋಗಂಟ ಬುಡ್ತಿದ್ರು ಅತ್ತೆ. ನೀವು ಒಲೆ ಮುಂದೆ ಯಾವತ್ತು ನಿಂತಿದ್ರಿ, ಗೊತ್ತಾಗಾಕೆ? ಲೋಟ ಕೈಗೆ ಬಂದಾಗ ಕುಡ್ದಿದ್ದೀರಿ."

ಫೋನು ಜೇಬಿಗೆ ಹಾಕಿಕೊಂಡೆ. ಬಾವು ಬಂದ ಎಮ್ಮೆಯ ಮನೆಗೆ ನಡೆದ ಹದಿನೇಳು ದಿನ ಕಣ್ಣ ಮುಂದೆ ಬಂದವು. ವರ್ಷಗಟ್ಟಲೆ ಕುದಿಯುವ ನೀರಿನ ಮುಂದೆ ಗಡಿಯಾರ ಹಿಡಿದು ಕುಳಿತವನು, ನಮ್ಮ ಮನೆಯ ಒಲೆಯ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಇಲಿಯಾಸ್ ಕೇಳಿಕೊಂಡ, ಅಮ್ಮನ ಮುಂದೆ ಏಡಿಯ ಮಾತು ಬೇಡ ಎಂದು. ಅದಕ್ಕೇ ಡಾಕ್ಟರನ್ನು ಒಬ್ಬರೇ ಇದ್ದಾಗ ಹಿಡಿದೆ. ಹೇಳಬೇಕಾದದ್ದು ಎರಡು ಮಾತು.

"ಸಾರ್, ನಾನು ಹೇಳಿದ್ದು ತಪ್ಪು. ನಾಯಿ ಬದುಕಿದೆ. ಅದಕ್ಕೆ ಹುಚ್ಚಿರಲಿಲ್ಲ. ಇನ್ನೊಂದು, ಆಯಮ್ಮ ಹಸಿ ಏಡಿ ರಸ ಕುಡಿದವ್ಳೆ. ಕೊಟ್ಟೋನು ನಾನು."

ಅವರು ಕುರ್ಚಿಯಿಂದ ಎದ್ದರು. ಬೈಯುತ್ತಾರೆ ಎಂದು ನಿಂತೆ. "ಎಷ್ಟು ದಿನದ ಹಿಂದೆ?" ಎಂದಷ್ಟೇ ಕೇಳಿ, ನರ್ಸನ್ನು ಕೂಗುತ್ತ ಹೊರಟರು. ಹೊರಗೆ ಬಂದಾಗ ಬಾಗಿಲ ಪಕ್ಕದಲ್ಲೇ ಇಲಿಯಾಸನ ತಾಯಿ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಲಿಯಾಸ್ ಗೋಡೆಗೆ ಒರಗಿಬಿಟ್ಟ.

ಮುದುಕಿ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಮದ್ದಿಗೆ ಏನಪ್ಪ ಮುಚ್ಚುಮರೆ? ನಂಗೊಂದು ಮಾತು ಹೇಳಿದ್ರೆ ನಾನೇ ಕುದಿಸಿ ಕೊಡ್ತಿದ್ದೆ."

ಇಬ್ಬರು ಗಂಡಸರು ಸೇರಿ ಅಂಗಡಿಯಲ್ಲಿ ಗುಟ್ಟಾಗಿ ಮಾಡಿದ ಅಡುಗೆಯಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಅವರಿಗೆ ಅಲ್ಲಿ ನಿಂತ ಒಂದು ನಿಮಿಷದಲ್ಲಿ ತಿಳಿದಿತ್ತು.

ಅಂದೇ ಬೆನ್ನಿನ ನೀರು ತೆಗೆದರು. ಅದರಲ್ಲಿ ಒಂದು ಜಾತಿಯ ರಕ್ತಕಣ ಇರಬಾರದಷ್ಟು ಇತ್ತಂತೆ. ಹುಳ ಒಳಗೆ ಹೊಕ್ಕಾಗ ಹಾಗಾಗುತ್ತದಂತೆ. ಹುಳ ಕಣ್ಣಿಗೆ ಕಾಣಲಿಲ್ಲ, ಆ ನೀರಿನ ರಿಪೋರ್ಟು ಮತ್ತು ಏಡಿಯ ಕಥೆ ಎರಡನ್ನೂ ಜೋಡಿಸಿ ಇದೇ ಎಂದು ತೀರ್ಮಾನಿಸಿದರು. ಇಲಿಯ ಶ್ವಾಸಕೋಶದ ಹುಳ ಎಂದು ಮೇಡಂ ನನಗೆ ಬಿಡಿಸಿ ಹೇಳಿದರು. ದೊಡ್ಡ ಹುಳ ಇರುವುದು ಇಲಿ, ಹೆಗ್ಗಣಗಳ ಎದೆಯಲ್ಲಿ. ಮರಿ ಹುಳ ಇಲಿಯ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಹಿಕ್ಕೆಯನ್ನು ಬಸವನಹುಳು ತಿನ್ನುತ್ತದೆ, ಬಸವನಹುಳುವನ್ನು ಏಡಿ, ಕಪ್ಪೆ ತಿನ್ನುತ್ತವೆ. ಇಲಿ ಮತ್ತೆ ಬಸವನಹುಳು ತಿಂದರೆ ಒಂದು ಸುತ್ತು ಮುಗಿಯಿತು. ನಡುವೆ ಮನುಷ್ಯನೋ ನಾಯಿಯೋ ಹಸಿಯಾಗಿ ತಿಂದರೆ ಮರಿ ಹುಳ ದಾರಿ ತಪ್ಪಿ ಮಿದುಳು, ಬೆನ್ನುಹುರಿಗೆ ಹೋಗಿ ಅಲ್ಲೇ ಸಾಯುತ್ತದೆ. ಸಾಯುವ ಮುನ್ನ ಈ ಪಾಡು ಪಡಿಸುತ್ತದೆ. ಬಸವನಹುಳು ಹರಿದಾಡಿದ ಸೊಪ್ಪನ್ನು ತೊಳೆಯದೆ ಹಸಿಯಾಗಿ ತಿಂದರೂ ಬರಬಹುದು. ಕುದಿಸಿದರೆ ಹುಳ ಉಳಿಯುವುದಿಲ್ಲ.

ಕಬ್ಬಿನ ಗದ್ದೆಯಲ್ಲಿ ಇಲಿ, ಬದುವಿನಲ್ಲಿ ಬಸವನಹುಳು, ಕಾಲುವೆಯಲ್ಲಿ ಏಡಿ. ಹುಟ್ಟಿದಾಗಿನಿಂದ ನೋಡಿದ್ದೇನೆ. ಒಂದರಿಂದ ಇನ್ನೊಂದಕ್ಕೆ ದಾರಿ ಇದೆ ಎಂಬುದು ಗೊತ್ತಿರಲಿಲ್ಲ.

ನಸೀಮಾ ಚೇತರಿಸಿಕೊಳ್ಳಲು ತಿಂಗಳ ಮೇಲಾಯಿತು. ತಲೆನೋವು ಇಳಿದು ಕಣ್ಣು ಬಿಟ್ಟ ದಿನ ಮೊದಲು ಕೇಳಿದ್ದು ನಾಯಿಯನ್ನಂತೆ. ಬೋಲ್ಟುವಿಗೂ ಮೇಡಂ ಔಷಧಿ ಕೊಟ್ಟರು. ಅದಕ್ಕೂ ಇದೇ ಕಾಯಿಲೆ ಎಂದು ಕಾಗದದ ಮೇಲೆ ತೋರಿಸಲು ಏನೂ ಇಲ್ಲ, ಇರಬೇಕು ಎನ್ನುತ್ತಾರೆ. ಕಾಲು ಬಂತು, ಬಾಲ ಬರಲಿಲ್ಲ. ಮೇಡಂ ನನ್ನ ಮೇಲೆ ಏನೂ ಬರೆಯಲಿಲ್ಲ. ಆದರೆ ಮುಂದಿನ ವಾರ ತರಬೇತಿಗೆ ಬಂದ ಹುಡುಗರ ಮುಂದೆ ನನ್ನನ್ನು ನಿಲ್ಲಿಸಿ, "ಹತ್ತು ದಿನ ಯಾಕೆ ಕಾಯಬೇಕು ಅಂತ ಜವರಣ್ಣ ಹೇಳ್ತಾರೆ" ಎಂದು ಹೊರಗೆ ಹೋಗಿಬಿಟ್ಟರು. ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಬಾವು ಕಟ್ಟಲು ನಡೆದ ಮೂರು ಮೈಲಿಗಿಂತ ಆ ಅರ್ಧ ಗಂಟೆ ಉದ್ದವಾಗಿತ್ತು.

ನಿವೃತ್ತಿಯಾದ ಮೇಲೆ ಗುತ್ತಲಿನ ಕಡೆ ಹೋಗಲು ಕಾಲು ಬರುತ್ತಿರಲಿಲ್ಲ. ಕೊನೆಗೆ ಗದ್ದೆಯ ಮೋಟಾರೇ ಸುಟ್ಟು ಎಳೆದುಕೊಂಡು ಹೋಯಿತು. ಅಂಗಡಿಯ ಬಾಗಿಲಲ್ಲಿ ಬೋಲ್ಟು ಎದ್ದು ಬಂದು ನನ್ನ ಪಂಚೆ ಮೂಸಿತು. ಹರಿದ ಅಂಗಿಯ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ಮೈಯ ಗ್ರೀಸನ್ನೆಲ್ಲ ಪಂಚೆಗೆ ಒರೆಸಿ, ನನ್ನ ಕಾಲಿಗೆ ಒರಗಿ ಕುಳಿತುಕೊಂಡಿತು. ಇಲಿಯಾಸ್ ಮೋಟಾರಿನ ಮುಚ್ಚಳ ಬಿಚ್ಚುತ್ತ, "ಬಾರಣ್ಣ, ಎಷ್ಟು ದಿನ ಆಯ್ತು" ಎಂದ, ಅಷ್ಟೇ.

ಒಳಗಿಂದ ನಸೀಮಾ ಟೀ ತಂದಳು. ಲೋಟದ ಮೇಲೆ ಹಬೆ ಆಡುತ್ತಿತ್ತು. ಹಿಡಿದರೆ ಬೆರಳು ಸುಡುವಷ್ಟು ಬಿಸಿ.

"ಕುಡೀರಿ ಜವರಣ್ಣ," ಎಂದಳು. "ಮೂರು ಸಲ ಉಕ್ಕಿಸಿದೀನಿ. ನೀವು ಹೇಳದಿದ್ರೂ."